ಫೈಟರ್ ಮೀನಿನ ಕಾಯಿಲೆ ಮತ್ತು ನೀರಿನ ಲೆಕ್ಕ

ಅಕ್ವೇರಿಯಂ ಅಂಗಡಿಯಲ್ಲಿ ಫೈಟರ್ ಮೀನು ಕೊಳ್ಳುವವರ ಕಿವಿಗೆ ಬೀಳುವ ಮಾತು ಬಹುಮಟ್ಟಿಗೆ ಒಂದೇ. ಇದಕ್ಕೆ ಗಾಳಿ ಪಂಪು ಬೇಡ, ಫಿಲ್ಟರ್ ಬೇಡ, ದೊಡ್ಡ ತೊಟ್ಟಿಯಂತೂ ಬೇಡವೇ ಬೇಡ, ಮೇಜಿನ ಮೇಲೊಂದು ಗಾಜಿನ ಬಟ್ಟಲಿದ್ದರೆ ಸಾಕು. ಮಾತು ಪೂರ್ತಿ ಸುಳ್ಳಲ್ಲ, ಅಪಾಯ ಇರುವುದೇ ಅಲ್ಲಿ. ಕೆಲವು ತಿಂಗಳ ನಂತರ ಅದೇ ಮೀನು ಬಣ್ಣ ಕಳೆದುಕೊಂಡು, ಬಾಲದ ಅಂಚು ಕೊಳೆತು, ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು ಬಟ್ಟಲಿನ ತಳದಲ್ಲಿ ಒರಗುತ್ತದೆ. ಸಾಕಿದವರು ಮತ್ತೆ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ. ಈ ಸಲ ಕೈಗೆ ಬರುವುದು ನೀಲಿ ಇಲ್ಲವೇ ಹಳದಿ ದ್ರವದ ಪುಟ್ಟ ಬಾಟಲಿ. ಮೊದಲ ದಿನದ ಸಲಹೆಯೇ ಎರಡನೇ ದಿನದ ವ್ಯಾಪಾರಕ್ಕೆ ಕಾರಣ ಎಂಬುದು ಮಾರಿದವರಿಗೂ ಹೊಳೆದಿರುವುದಿಲ್ಲ, ಕೊಂಡವರಿಗೂ ಹೊಳೆದಿರುವುದಿಲ್ಲ. ಕಾಯಿಲೆ ಬಿದ್ದ ಫೈಟರ್, ಅಂದರೆ ಬೆಟ್ಟಾ ಮೀನಿನ ಶುಶ್ರೂಷೆ ಎಂದರೆ ಮುಕ್ಕಾಲು ಪಾಲು ನೀರಿನ ಶುಶ್ರೂಷೆ. ಔಷಧಕ್ಕೆ ಅಲ್ಲಿ ಜಾಗವಿದೆ, ಆದರೆ ಅದರ ಸರದಿ ನೀರು ಸರಿಹೋದ ಮೇಲೆ, ರೋಗ ಯಾವುದೆಂದು ತಿಳಿದ ಮೇಲೆ. ಈ ಸರದಿ ಮತ್ತೆ ಮತ್ತೆ ತಪ್ಪುವುದಕ್ಕೆ ಸಾಕುವವರ ಅಸಡ್ಡೆಗಿಂತ ಮೀನಿನ ಗಟ್ಟಿತನವೇ ಹೆಚ್ಚು ಕಾರಣ ಎನ್ನುವುದಕ್ಕೆ ಸಾಕಷ್ಟು ಆಧಾರಗಳಿವೆ.

ಬೆಟ್ಟಾ ಸ್ಪ್ಲೆಂಡೆನ್ಸ್ ಥಾಯ್ಲೆಂಡಿನ ಮೀನು. ಚಾವೊ ಫ್ರಯಾ ನದಿ ಬಯಲಿನ ಜೌಗುಗಳು, ನಿಧಾನವಾಗಿ ಹರಿಯುವ ಕಾಲುವೆಗಳು, ಭತ್ತದ ಗದ್ದೆಗಳು ಅದರ ತವರು. ಗಂಡುಗಳನ್ನು ಕಾದಾಟಕ್ಕೆ ಬಿಟ್ಟು ಪಣ ಕಟ್ಟುವ ಆಟಕ್ಕಾಗಿ ಅಲ್ಲಿನವರು ಇದನ್ನು ತಲೆಮಾರುಗಳಿಂದ ಸಾಕಿಕೊಂಡು ಬಂದಿದ್ದಾರೆ. 2022ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನವೊಂದು ಈ ಸಾಕಣೆಗೆ ಕನಿಷ್ಠ ಸಾವಿರ ವರ್ಷಗಳ ಇತಿಹಾಸವಿದೆ ಎಂದು ಅಂದಾಜು ಮಾಡಿತು. 2019ರಲ್ಲಿ ಥಾಯ್ ಸರ್ಕಾರ ಅದಕ್ಕೆ ರಾಷ್ಟ್ರೀಯ ಜಲಚರದ ಪಟ್ಟ ಕಟ್ಟಿತು. ಇಷ್ಟು ಮರ್ಯಾದೆಯ ಮೀನು ಜಗತ್ತಿನ ಅಂಗಡಿಗಳಲ್ಲಿ ಕಾಲು ಲೀಟರ್ ನೀರಿನ ಪ್ಲಾಸ್ಟಿಕ್ ಲೋಟದಲ್ಲಿ ಕುಳಿತಿರುವುದಕ್ಕೆ ಕೊಡುವ ಸಮರ್ಥನೆಯೂ ಆ ತವರಿನಿಂದಲೇ ಬರುತ್ತದೆ: ಅದು ಹೊಂಡದ ಮೀನು, ಕೆಸರಿನ ಮೀನು, ಎಮ್ಮೆಯ ಗೊರಸಿನ ಗುಂಡಿಯಲ್ಲೂ ಬದುಕುತ್ತದೆ. ಬೇಸಿಗೆಯಲ್ಲಿ ನೀರು ಬತ್ತಿದಾಗ ಅಂಥ ಗುಂಡಿಯಲ್ಲಿ ಅದು ಒಂದಷ್ಟು ದಿನ ತಡೆದುಕೊಳ್ಳುವುದು ನಿಜವಿದ್ದೀತು. ಆದರೆ ಗದ್ದೆಯ ನೀರು ಮೊಣಕಾಲು ಮುಟ್ಟದಿದ್ದರೂ ಎಕರೆಗಟ್ಟಲೆ ಹರಡಿರುತ್ತದೆ, ಅದರ ತುಂಬ ಬೇರುಗಳೂ ಪಾಚಿಯೂ ಇದ್ದು ಮೀನಿನ ಹೊಲಸನ್ನು ಹೀರಿಕೊಳ್ಳುತ್ತವೆ, ವರ್ಷದ ಬಹುಕಾಲ ಅದು ಬೆಚ್ಚಗಿರುತ್ತದೆ. ಆಳವಿಲ್ಲದ ನೀರಿಗೂ ಸ್ವಲ್ಪವೇ ಇರುವ ನೀರಿಗೂ ಇರುವ ಅಂತರವನ್ನು ಈ ಸಮರ್ಥನೆ ಸದ್ದಿಲ್ಲದೆ ನುಂಗಿಬಿಡುತ್ತದೆ.

ಗಟ್ಟಿತನದ ಗುಟ್ಟು ಮೀನಿನ ತಲೆಯೊಳಗಿದೆ. ಕಿವಿರುಗಳಿಗೆ ಸ್ವಲ್ಪ ಮೇಲೆ, ಮಡಿಕೆ ಮಡಿಕೆಯಾದ ತೆಳು ಎಲುಬಿನ ಹಾಳೆಗಳ ಮೇಲೆ ರಕ್ತನಾಳಗಳು ದಟ್ಟವಾಗಿ ಹಬ್ಬಿರುವ ಒಂದು ಅಂಗ. ಲ್ಯಾಬಿರಿಂತ್ ಎಂದು ಅದರ ಹೆಸರು. ಬೆಟ್ಟಾ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿದಾಗ ಆಮ್ಲಜನಕ ರಕ್ತಕ್ಕೆ ಸೇರುವುದು ಇಲ್ಲಿ. ಮೊಟ್ಟೆಯಿಂದ ಹೊರಬಿದ್ದ ಮರಿಗೆ ಇದು ಇರುವುದಿಲ್ಲ, ಕೆಲವು ವಾರಗಳಲ್ಲಿ ಬೆಳೆಯುತ್ತದೆ. ಆಮ್ಲಜನಕ ಕಡಿಮೆಯಿರುವ ನೀರಿನಲ್ಲೂ ಬೆಟ್ಟಾ ಉಸಿರುಗಟ್ಟದೆ ಇರುವುದಕ್ಕೆ ಇದೇ ಕಾರಣ, ಅಂಗಡಿಯವರ ಮಾತಿನ ಸತ್ಯದ ಅರ್ಧ ಭಾಗವೂ ಇಷ್ಟೇ. ಏಕೆಂದರೆ ಮೀನಿನ ಕಿವಿರು ಉಸಿರಾಟಕ್ಕೆ ಮಾತ್ರ ಇರುವುದಲ್ಲ. ದೇಹದಲ್ಲಿ ಪ್ರೋಟೀನ್ ಒಡೆದಾಗ ಹುಟ್ಟುವ ಅಮೋನಿಯಾವನ್ನು ಮೀನು ಬಹುಪಾಲು ಕಿವಿರಿನ ಮೂಲಕವೇ ಹೊರಹಾಕುತ್ತದೆ. ರಕ್ತದಲ್ಲಿನ ಲವಣಗಳ ಹದವನ್ನು ಕಾಯುವ ಕೆಲಸವೂ ಕಿವಿರಿನದೇ. ಲ್ಯಾಬಿರಿಂತ್ ಇವುಗಳಲ್ಲಿ ಮೊದಲನೆಯದಕ್ಕೆ ಮಾತ್ರ ಹೆಗಲು ಕೊಡುತ್ತದೆ, ಉಳಿದವೆರಡನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಹೊಲಸು ನೀರಿನಲ್ಲಿ ಬೆಟ್ಟಾದ ಕಿವಿರು ಗೋಲ್ಡ್‌ಫಿಶ್‌ನ ಕಿವಿರಿನಷ್ಟೇ ಸುಡುತ್ತದೆ. ಗೋಲ್ಡ್‌ಫಿಶ್ ಮೇಲೆ ಬಂದು ಬಾಯಿ ಬಾಯಿ ಬಿಟ್ಟಾಗ ಏನೋ ಕೆಟ್ಟಿದೆ ಎಂದು ಮನೆಯವರಿಗೆ ಗೊತ್ತಾಗುತ್ತದೆ. ಬೆಟ್ಟಾ ಆರೋಗ್ಯವಾಗಿದ್ದಾಗಲೂ ಮೇಲೆ ಬಂದು ಗಾಳಿ ನುಂಗುವುದರಿಂದ ಆ ಎಚ್ಚರಿಕೆ ಇಲ್ಲಿ ಸಿಗುವುದಿಲ್ಲ. ಕಣ್ಣಿಗೆ ಕಾಣುವ ಮೊದಲ ಲಕ್ಷಣ ಬರುವಷ್ಟರಲ್ಲಿ ನೀರು ಕೆಟ್ಟು ವಾರಗಳಾಗಿರುತ್ತವೆ.

ಅಮೋನಿಯಾದ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು, ಉಳಿದೆಲ್ಲ ವಾದ ಅದರ ಮೇಲೆ ನಿಂತಿದೆ. ನೀರಿನಲ್ಲಿ ಕರಗಿದ ಅಮೋನಿಯಾ ಎರಡು ರೂಪದಲ್ಲಿರುತ್ತದೆ: ಅಷ್ಟೇನೂ ಅಪಾಯವಿಲ್ಲದ ಅಮೋನಿಯಂ ಅಯಾನು, ಮತ್ತು ಕಿವಿರಿನ ಪೊರೆಯನ್ನು ಸಲೀಸಾಗಿ ದಾಟುವ ವಿಷದ ರೂಪ. 25 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷದ ಪಾಲು ಶೇ 0.6ರ ಆಸುಪಾಸು. ಪಿಎಚ್ 8ಕ್ಕೆ ಏರಿದರೆ ಅದು ಶೇ 5ಕ್ಕೂ ಮಿಕ್ಕುತ್ತದೆ. ಹೊಲಸಿನ ಪ್ರಮಾಣ ಅಷ್ಟೇ ಇದ್ದರೂ ನೀರಿನ ಗುಣ ಬದಲಾದ ಮಾತ್ರಕ್ಕೆ ವಿಷ ಹತ್ತು ಪಟ್ಟಿನ ಸಮೀಪ ಹೆಚ್ಚಿತು. ಜೊತೆಗೆ ಪ್ರಮಾಣದ ಪ್ರಶ್ನೆ. ಒಂದು ಮೀನು ಒಂದು ದಿನದಲ್ಲಿ ಬಿಡುವ ಅಮೋನಿಯಾ ಒಂದು ಲೀಟರಿನ ಬಟ್ಟಲಿನಲ್ಲಿ ಸೇರಿದರೆ ಇಪ್ಪತ್ತು ಲೀಟರಿನ ತೊಟ್ಟಿಗಿಂತ ಇಪ್ಪತ್ತು ಪಟ್ಟು ಗಾಢವಾಗಿರುತ್ತದೆ, ಇದಕ್ಕೆ ಯಾವ ಸಂಶೋಧನೆಯೂ ಬೇಡ. ತಿಳಿದ ಸಾಕಣೆದಾರರು ಇಪ್ಪತ್ತು ಲೀಟರಿಗೆ ಕಡಿಮೆಯಾಗದಿರಲಿ ಎನ್ನುವುದು ಅಲಂಕಾರಕ್ಕಾಗಿ ಅಲ್ಲ. ದೊಡ್ಡ ತೊಟ್ಟಿಯಲ್ಲಿ ಇನ್ನೊಂದು ಅನುಕೂಲವಿದೆ. ಸ್ಪಾಂಜ್ ಫಿಲ್ಟರ್, ಕಲ್ಲು, ಗಿಡ, ಗಾಜಿನ ಮೇಲೆ ನೆಲೆಯೂರುವ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ಎಷ್ಟೋ ನಿರಪಾಯಕಾರಿಯಾದ ನೈಟ್ರೇಟ್ ಮಾಡುತ್ತದೆ. ಈ ಸಂಸಾರ ಕುದುರಲು ನಾಲ್ಕರಿಂದ ಆರು ವಾರ ಬೇಕು. ವಾರಕ್ಕೊಮ್ಮೆ ಬಟ್ಟಲನ್ನು ಸಿಂಕಿಗೆ ಸುರಿದು, ಕಲ್ಲುಗಳನ್ನು ಬ್ರಷ್‌ನಿಂದ ಉಜ್ಜಿ ಫಳಫಳ ಹೊಳೆಯಿಸುವವರ ಮನೆಯಲ್ಲಿ ಅದು ಎಂದೂ ಕುದುರುವುದಿಲ್ಲ. ನಮ್ಮ ಮನೆಗಳ ಶುಚಿತ್ವದ ಕಲ್ಪನೆ ಪಾತ್ರೆ ತೊಳೆಯುವುದಕ್ಕೆ ಸರಿ. ಮೀನು ಸಾಕಣೆಯಲ್ಲಿ ಅದು ತಿರುಗುಬಾಣ.

ನೀರು ಎಂದಾಗ ಎಲ್ಲ ಊರಿನ ನೀರೂ ಒಂದೇ ಅಲ್ಲ, ಕರ್ನಾಟಕದೊಳಗೇ ಎಷ್ಟೊಂದು ಬಗೆ. ಬೆಂಗಳೂರಿನ ನಲ್ಲಿಯಲ್ಲಿ ಬರುವ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಕ್ಲೋರಿನ್ ಹಾಕಿ ಶುದ್ಧೀಕರಿಸಿದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ನಮ್ಮನ್ನು ವಾಂತಿಭೇದಿಯಿಂದ ಕಾಯುವ ಅದೇ ಕ್ಲೋರಿನ್ ಮೀನಿನ ಕಿವಿರನ್ನೂ ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಸುಡುತ್ತದೆ. ಬಾಯಿ ಅಗಲವಾದ ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟರೆ ಬಹುಪಾಲು ಹಾರಿಹೋಗುತ್ತದೆ. ಕಾಯಲು ಪುರುಸೊತ್ತಿಲ್ಲದವರಿಗೆ ಹಿಂದೆ ಫೋಟೊ ಸ್ಟುಡಿಯೊಗಳಲ್ಲಿ ಬಳಸುತ್ತಿದ್ದ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್ ಇದೆ. ಅಂಗಡಿಯ ‘ಆಂಟಿ ಕ್ಲೋರಿನ್’ ಹನಿಗಳಲ್ಲಿ ಸಾಮಾನ್ಯವಾಗಿ ಇರುವುದೂ ಅದೇ. ಬಯಲುಸೀಮೆಯ ಕೊಳವೆಬಾವಿ ನೀರಿನಲ್ಲಿ ಕ್ಲೋರಿನ್ ಇಲ್ಲದಿರಬಹುದು, ಆದರೆ ಅದು ಗಡಸು, ಪಿಎಚ್ ಸಹ ಮೇಲೆ. ಕೆಲವೆಡೆ ನೈಟ್ರೇಟ್ ಆಗಲೇ ಲೀಟರಿಗೆ 45 ಮಿಲಿಗ್ರಾಂ ಎಂಬ ಕುಡಿಯುವ ನೀರಿನ ಮಿತಿಯನ್ನು ದಾಟಿರುತ್ತದೆ. ಉಷ್ಣತೆಯದು ಇನ್ನೊಂದು ಕತೆ. ಬೆಟ್ಟಾಗೆ 24ರಿಂದ 28 ಡಿಗ್ರಿ ಹಿತ. ಮಂಗಳೂರು, ಕಾರವಾರಗಳಲ್ಲಿ ಹೀಟರಿನ ಪ್ರಶ್ನೆ ಹೆಚ್ಚುಕಡಿಮೆ ಏಳುವುದಿಲ್ಲ. ಬೆಂಗಳೂರಿನಲ್ಲಿ ಡಿಸೆಂಬರ್–ಜನವರಿಯ ರಾತ್ರಿಗಳು 15–16 ಡಿಗ್ರಿಗೆ ಇಳಿಯುತ್ತವೆ, ಮಡಿಕೇರಿ, ಚಿಕ್ಕಮಗಳೂರಿನ ಚಳಿಯಂತೂ ಹೇಳುವುದೇ ಬೇಡ. ಪುಟ್ಟ ಬಟ್ಟಲಿನ ನೀರು ಕೋಣೆಯ ಜೊತೆಜೊತೆಗೇ ತಣಿಯುತ್ತದೆ, ಬಿಸಿಯಾಗುತ್ತದೆ. ಮೀನು ಶೀತರಕ್ತದ ಪ್ರಾಣಿ, ಅದರ ಜೀರ್ಣಶಕ್ತಿಯೂ ರೋಗನಿರೋಧಕ ಶಕ್ತಿಯೂ ನೀರಿನ ಉಷ್ಣತೆಯೊಂದಿಗೇ ಇಳಿಯುತ್ತವೆ. ಚಳಿಗಾಲದಲ್ಲಿ ಉಂಡದ್ದು ಅರಗದೆ ಹೊಟ್ಟೆ ಉಬ್ಬಿದ ಮೀನಿಗೆ ಕೆಲವೊಮ್ಮೆ ಬೇಕಿರುವುದು ಒಂದು 25 ವ್ಯಾಟ್ ಹೀಟರ್ ಅಷ್ಟೆ.

ಇನ್ನು ಕಾಯಿಲೆಗೆ ಬರೋಣ. ಬೆಟ್ಟಾಗಳಲ್ಲಿ ಅತಿ ಹೆಚ್ಚಾಗಿ ಕಾಣುವುದು ರೆಕ್ಕೆ ಕೊಳೆತ. ಇದಕ್ಕೆ ಕಾರಣವೆಂದು ಹೇಳುವ ಏರೊಮೊನಾಸ್, ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾಗಳು ಎಲ್ಲಿಂದಲೋ ಬಂದು ದಾಳಿ ಮಾಡುವುದಿಲ್ಲ. ಆರೋಗ್ಯವಂತ ಮೀನಿರುವ ತೊಟ್ಟಿಯ ನೀರಿನಲ್ಲೂ ಅವು ಇದ್ದೇ ಇರುತ್ತವೆ. ಮೀನಿನ ಮೈಮೇಲಿನ ಲೋಳೆ ಪದರ ಗಟ್ಟಿಯಾಗಿರುವವರೆಗೆ ಅವುಗಳ ಆಟ ನಡೆಯುವುದಿಲ್ಲ. ಅಮೋನಿಯಾ ಆ ಪದರವನ್ನೂ ಕಿವಿರನ್ನೂ ಕೆರಳಿಸಿ ತೆಳುವಾಗಿಸಿದಾಗ, ಚಳಿ ನಿರೋಧಕ ಶಕ್ತಿಯನ್ನು ಕುಗ್ಗಿಸಿದಾಗ ಅವು ಒಳನುಗ್ಗುತ್ತವೆ. ಬ್ಯಾಕ್ಟೀರಿಯಾ ಕೊಂದು, ನೀರನ್ನು ಹಾಗೇ ಬಿಟ್ಟರೆ ನಾಳೆ ಇನ್ನೊಂದು ಬ್ಯಾಕ್ಟೀರಿಯಾ ಬರುತ್ತದೆ. ಇಲ್ಲಿ ಬರುವ ಆಕ್ಷೇಪಣೆ ಅನುಭವದ ಬಲದ್ದು: ಮದ್ದು ಹಾಕಿದ ಮೇಲೆ ಮೀನು ಚೇತರಿಸಿಕೊಂಡದ್ದನ್ನು ಕಣ್ಣಾರೆ ಕಂಡವರು ಬೇಕಾದಷ್ಟು ಜನ. ಅವರು ಕಂಡದ್ದು ಸುಳ್ಳಲ್ಲ. ಆದರೆ ಮದ್ದು ಹಾಕುವ ಮುನ್ನ ನೀರು ಬದಲಿಸಿ, ಕಸ ತೆಗೆಯಿರಿ, ಆಹಾರ ಕಡಿಮೆ ಮಾಡಿ ಎಂದು ಹೆಚ್ಚಿನ ಬಾಟಲಿಗಳ ಮೇಲೆಯೇ ಬರೆದಿರುತ್ತದೆ. ಗಾಬರಿಗೊಂಡ ಮಾಲೀಕರು ಆ ವಾರ ಇದನ್ನೆಲ್ಲ ಚಾಚೂತಪ್ಪದೆ ಪಾಲಿಸುತ್ತಾರೆ. ಮೀನು ಗುಣವಾದರೆ ಹೊಸ ನೀರು, ಬೆಚ್ಚನೆ ಜಾಗ, ಉಪವಾಸ, ಮದ್ದು ಈ ನಾಲ್ಕರಲ್ಲಿ ಯಾವುದಕ್ಕೆ ಶ್ರೇಯಸ್ಸು? ದುಡ್ಡು ಕೊಟ್ಟು ತಂದದ್ದಕ್ಕೇ ಶ್ರೇಯಸ್ಸು ಕೊಡುವುದು ಮನುಷ್ಯ ಸ್ವಭಾವ. ಮದ್ದಿಲ್ಲದೆ ಉಳಿದ ಮೂರನ್ನಷ್ಟೇ ಮಾಡಿದಾಗ ಆರಂಭದ ಹಂತದ ರೆಕ್ಕೆ ಕೊಳೆತ ವಾಸಿಯಾಗಿ, ಅಂಚಿನಲ್ಲಿ ಪಾರದರ್ಶಕವಾದ ಹೊಸ ಚರ್ಮ ಚಿಗುರುವುದು ಸಾಕಣೆದಾರರ ವಲಯದಲ್ಲಿ ದಿನನಿತ್ಯದ ಸಂಗತಿ. ನೀರು ಬದಲಿಸದೆ ಮದ್ದು ಮಾತ್ರ ಹಾಕಿ ವಾಸಿಮಾಡಿದವರನ್ನು ಹುಡುಕಿಯೇ ನೋಡಬೇಕು.

ಎಲ್ಲ ಕಾಯಿಲೆಯೂ ನೀರಿನಿಂದಲೇ ಹೋಗುತ್ತದೆಯೇ ಎಂದರೆ ಖಂಡಿತ ಇಲ್ಲ, ಈ ಮಿತಿಯನ್ನು ಒಪ್ಪದಿದ್ದರೆ ನನ್ನ ವಾದವೂ ಒಂದು ಮೂಢನಂಬಿಕೆಯಾದೀತು. ಬಿಳಿ ಚುಕ್ಕೆ ರೋಗವನ್ನು ತರುವ ಇಕ್ ಪರೋಪಜೀವಿ ನೀರು ಎಷ್ಟೇ ಶುದ್ಧವಿದ್ದರೂ ಹೊಸ ಮೀನು, ಹೊಸ ಗಿಡದ ಜೊತೆ ಒಳಬರುತ್ತದೆ. ಅದು ಮೀನಿನ ಚರ್ಮದಡಿ ಅಡಗಿ ಬೆಳೆಯುತ್ತದೆ, ಬಲಿತ ಮೇಲೆ ಉದುರಿ ತಳದಲ್ಲಿ ಗೂಡುಕಟ್ಟಿ ನೂರಾರು ಮರಿಗಳಾಗಿ ಒಡೆಯುತ್ತದೆ. ಈಜುತ್ತ ಮತ್ತೆ ಮೀನನ್ನು ಹುಡುಕುವ ಆ ಮರಿಗಳ ಹಂತದಲ್ಲಿ ಮಾತ್ರ ಔಷಧ ಅದನ್ನು ಕೊಲ್ಲಬಲ್ಲದು. ಚುಕ್ಕೆ ಮಾಯವಾಯಿತೆಂದು ಮೂರನೇ ದಿನಕ್ಕೆ ಮದ್ದು ನಿಲ್ಲಿಸುವವರು ಸೋಲುವುದು ಇಲ್ಲೇ. ನೀರನ್ನು ಸ್ವಲ್ಪ ಬೆಚ್ಚಗೆ ಮಾಡಿದರೆ ಈ ಚಕ್ರ ಬೇಗ ತಿರುಗಿ ಚಿಕಿತ್ಸೆಯೂ ಬೇಗ ಮುಗಿಯುತ್ತದೆ. ವೆಲ್ವೆಟ್ ಎಂಬ ಇನ್ನೊಂದು ಪರೋಪಜೀವಿ ಬೆಟ್ಟಾಗಳನ್ನು ವಿಶೇಷವಾಗಿ ಕಾಡುತ್ತದೆ. ಕತ್ತಲಲ್ಲಿ ಟಾರ್ಚ್ ಹಿಡಿದು ಓರೆಯಿಂದ ನೋಡಿದರೆ ಮೈಮೇಲೆ ಚಿನ್ನದ ಬಣ್ಣದ ನವಿರು ಧೂಳು ಕಾಣುತ್ತದೆ. ಅದಕ್ಕೆ ಹರಿತ್ತು ಇರುವುದರಿಂದ ಬೆಳಕಿನ ಹಂಗೂ ಇದೆ, ತೊಟ್ಟಿಯನ್ನು ಕತ್ತಲಾಗಿಸುವುದೂ ಚಿಕಿತ್ಸೆಯ ಭಾಗ. ತಾಮ್ರದ ಔಷಧ ಕೆಲಸ ಮಾಡುತ್ತದೆ, ಆದರೆ ಅದೇ ತೊಟ್ಟಿಯಲ್ಲಿರುವ ಬಸವನಹುಳು, ಸೀಗಡಿಗಳನ್ನು ಕೊಲ್ಲುತ್ತದೆ. ಇವೆರಡಕ್ಕೂ ಮದ್ದು ಬೇಕು, ತಡಮಾಡಬಾರದು. ಆದರೆ ಹತ್ತಿಯಂಥ ಬಿಳಿ ತೇಪೆ ಕಂಡಾಗ ಕತೆ ಬೇರೆ. ಅದನ್ನು ಶಿಲೀಂಧ್ರವೆಂದೋ ಬಿಳಿ ಚುಕ್ಕೆಯೆಂದೋ ತಿಳಿದು ನೀರನ್ನು ಮೂವತ್ತು ಡಿಗ್ರಿಗೆ ಏರಿಸುವವರಿದ್ದಾರೆ. ಬಾಯಿಯ ಸುತ್ತ, ಬೆನ್ನಿನ ಮೇಲೆ ಜೀನಿನ ಆಕಾರದಲ್ಲಿ ಹರಡುವ ಆ ತೇಪೆ ಬಹಳ ಸಲ ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು. ಬಿಸಿ ನೀರಿನಲ್ಲಿ ಅದು ಇನ್ನಷ್ಟು ಉಗ್ರವಾಗುತ್ತದೆ. ಇಕ್‌ಗೆ ಅನುಕೂಲವಾದ ಚಿಕಿತ್ಸೆ ಕಾಲಮ್ನಾರಿಸ್ ತಗುಲಿದ ಮೀನನ್ನು ಒಂದೆರಡು ದಿನದಲ್ಲಿ ಮುಗಿಸಬಹುದು. ರೋಗ ಗೊತ್ತಿಲ್ಲದೆ ಕೊಡುವ ಮದ್ದಿನಿಂದ ಲಾಭವಿಲ್ಲದಿದ್ದರೂ ನಷ್ಟವಿಲ್ಲ ಎಂಬ ಸಮಾಧಾನಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

ಪ್ರತಿಜೈವಿಕಗಳ ವಿಷಯದಲ್ಲಿ ಇನ್ನೂ ಬಿಗಿಯಾಗಬೇಕು. ಮನುಷ್ಯರಿಗೆಂದು ತಯಾರಾದ ಡಾಕ್ಸಿಸೈಕ್ಲಿನ್, ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಒಡೆದು ಪುಡಿಯನ್ನು ತೊಟ್ಟಿಗೆ ಸುರಿಯುವ ಅಭ್ಯಾಸ ಸಾಕಣೆದಾರರಲ್ಲಿ ವ್ಯಾಪಕ. ವೈದ್ಯರ ಚೀಟಿಯಿಲ್ಲದೆ ಇವನ್ನು ಮಾರುವಂತಿಲ್ಲ ಎಂಬ ಕಾನೂನಿನ ಮಾತು ಒತ್ತಟ್ಟಿಗಿರಲಿ, ರಸಾಯನಶಾಸ್ತ್ರದ ಮಾತೇ ಸಾಕು. ಟೆಟ್ರಾಸೈಕ್ಲಿನ್ ಕುಟುಂಬದ ಔಷಧಗಳು ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳೊಂದಿಗೆ ಬೆಸೆದುಕೊಳ್ಳುತ್ತವೆ. ಗಡಸು ನೀರಿನಲ್ಲಿ ಇರುವುದೇ ಅವು. ಕೋಲಾರದ್ದೋ ಚಿತ್ರದುರ್ಗದ್ದೋ ಕೊಳವೆಬಾವಿ ನೀರಿಗೆ ಸುರಿದ ಕ್ಯಾಪ್ಸೂಲಿನಲ್ಲಿ ಮೀನಿನೊಳಗೆ ಸೇರುವ ಪಾಲು ಅಲ್ಪ. ಮಿಕ್ಕದ್ದು ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾದ ಮೇಲೆ ಎರಗಿ ಅಮೋನಿಯಾವನ್ನು ಏರಿಸಬಹುದು, ಅಂದರೆ ಕಾಯಿಲೆಯ ಮೂಲವನ್ನೇ ಬಲಪಡಿಸಬಹುದು. ಕೊನೆಗೆ ಆ ನೀರು ಸಿಂಕಿನಿಂದ ಚರಂಡಿಗೆ, ಅಲ್ಲಿಂದ ಕೆರೆಗೆ. ಅರೆಬರೆ ಪ್ರಮಾಣದ ಔಷಧ ಕಂಡ ಬ್ಯಾಕ್ಟೀರಿಯಾ ಅದಕ್ಕೆ ಜಗ್ಗದಂತಾಗುವುದು ನಮ್ಮ ಆಸ್ಪತ್ರೆಗಳಿಗೂ ತಟ್ಟುವ ಸಮಸ್ಯೆ. ಒಂದು ಮೀನಿನಿಂದ ಏನಾದೀತು ಎನ್ನಬಹುದು. ಹಾಗೆ ಎನ್ನುವ ಮನೆಗಳು ಎಷ್ಟು ಎಂಬುದೂ ಲೆಕ್ಕಕ್ಕೆ ಬರಬೇಕಲ್ಲ.

ಹೊಟ್ಟೆ ಊದಿ, ಹುರುಪೆಗಳು ಮೇಲೆದ್ದು ನಿಲ್ಲುವ ಡ್ರಾಪ್ಸಿಯನ್ನು ಒಂದು ರೋಗವೆಂದು ತಿಳಿದು ಅದಕ್ಕೊಂದು ಮದ್ದು ಕೇಳುವುದು ಜ್ವರಕ್ಕೊಂದೇ ಮದ್ದು ಕೇಳಿದಂತೆ. ಸಿಹಿನೀರಿನ ಮೀನಿನ ದೇಹದಲ್ಲಿ ಸುತ್ತಲ ನೀರಿಗಿಂತ ಹೆಚ್ಚು ಲವಣವಿರುತ್ತದೆ. ಆದ್ದರಿಂದ ನೀರು ಕಿವಿರು, ಚರ್ಮಗಳ ಮೂಲಕ ಸದಾ ಒಳಗೆ ಜಿನುಗುತ್ತಿರುತ್ತದೆ, ಮೂತ್ರಪಿಂಡ ಅದನ್ನು ಸದಾ ಹೊರದೂಡುತ್ತಿರುತ್ತದೆ. ಯಾವ ಕಾರಣಕ್ಕೇ ಆಗಲಿ ಮೂತ್ರಪಿಂಡ ಸೋತಾಗ ನೀರು ಒಳಗೇ ನಿಂತು ಮೈ ಉಬ್ಬುತ್ತದೆ. ಹುರುಪೆ ನಿಗುರಿದ ಹಂತ ತಲುಪಿದ ಬೆಟ್ಟಾ ಬದುಕುವುದು ಅಪರೂಪ, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಉಪ್ಪು ಏಕೆ ಉಪಕಾರಿ ಎಂಬುದಕ್ಕೂ ಇದೇ ವಿವರಣೆ. ಲೀಟರಿಗೆ ಒಂದರಿಂದ ಮೂರು ಗ್ರಾಂ ಕಲ್ಲುಪ್ಪು ಕರಗಿಸಿದರೆ ಒಳಹೊರಗಿನ ಲವಣದ ಅಂತರ ತಗ್ಗಿ, ಮೂತ್ರಪಿಂಡದ ಕೆಲಸ ಹಗುರಾಗುತ್ತದೆ. ನೈಟ್ರೈಟ್ ಏರಿದ ತೊಟ್ಟಿಯಲ್ಲಂತೂ ಉಪ್ಪಿನ ಕ್ಲೋರೈಡ್ ಅಯಾನು ಕಿವಿರಿನ ಬಾಗಿಲಲ್ಲಿ ನೈಟ್ರೈಟ್‌ಗೆ ಅಡ್ಡ ನಿಂತು, ರಕ್ತ ಕಂದಾಗಿ ಆಮ್ಲಜನಕ ಹೊರಲಾರದ ಸ್ಥಿತಿಯನ್ನು ತಪ್ಪಿಸುತ್ತದೆ. ಉಪ್ಪು ಆವಿಯಾಗುವುದಿಲ್ಲ, ಹಾಗಾಗಿ ದಿನಾ ಹೊಸದಾಗಿ ಹಾಕುತ್ತ ಹೋಗಬಾರದು. ತೆಗೆದ ನೀರಿನಲ್ಲಿ ಹೋದಷ್ಟನ್ನು ಮಾತ್ರ ತುಂಬಬೇಕು, ಕೆಲವು ದಿನಗಳ ನಂತರ ಅದನ್ನೂ ನಿಲ್ಲಿಸಬೇಕು. ಓರೆಯಾಗಿ ತೇಲುವ, ಮುಳುಗಿ ಏಳಲಾಗದ ಮೀನಿನ ತೊಂದರೆ ಎಷ್ಟೋ ಸಲ ಅತಿಯಾಗಿ ತಿಂದದ್ದು. ಎರಡು ದಿನ ಉಪವಾಸ, ಬೆಚ್ಚನೆ ನೀರು ಇಷ್ಟಕ್ಕೇ ಅದು ಸರಿಹೋಗುವುದುಂಟು. ಬೇಯಿಸಿದ ಬಟಾಣಿ ಕೊಡಿ ಎಂಬ ಸಲಹೆ ಗೋಲ್ಡ್‌ಫಿಶ್ ಸಾಕುವವರಿಂದ ಎರವಲು ಬಂದದ್ದು. ಸೊಳ್ಳೆ ಮರಿ, ಹುಳುಹುಪ್ಪಟೆ ತಿಂದು ಬದುಕುವ ಪ್ರಾಣಿಗೆ ಬಟಾಣಿ ಏಕೆ?

ಇಷ್ಟೆಲ್ಲ ಹೇಳಿದರೂ ನೀರು ಬದಲಿಸಿದ ಮರುದಿನವೇ ಮೀನು ಸತ್ತಿತು ಎನ್ನುವವರಿದ್ದಾರೆ. ನನ್ನ ವಾದಕ್ಕೆ ಬರುವ ಅತಿ ಗಟ್ಟಿ ಆಕ್ಷೇಪಣೆ ಇದೇ, ಅದಕ್ಕೆ ಉತ್ತರವೂ ನೀರಿನ ಲೆಕ್ಕದಲ್ಲೇ ಇದೆ. ತಿಂಗಳುಗಟ್ಟಲೆ ಮುಟ್ಟದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ನೀರಿನ ಕ್ಷಾರವನ್ನು ತಿಂದು ಮುಗಿಸಿ ಪಿಎಚ್ ಇಳಿಯುತ್ತದೆ. ಆಮ್ಲೀಯ ನೀರಿನಲ್ಲಿ ಅಮೋನಿಯಾ ಬಹುತೇಕ ಅಪಾಯವಿಲ್ಲದ ಅಯಾನಿನ ರೂಪದಲ್ಲೇ ಇರುವುದರಿಂದ ಮೀನು ಹೇಗೋ ಬದುಕಿರುತ್ತದೆ. ಒಂದೇ ಏಟಿಗೆ ಅರ್ಧಕ್ಕಿಂತ ಹೆಚ್ಚು ಗಡಸು ಕೊಳವೆಬಾವಿ ನೀರು ಸುರಿದರೆ ಪಿಎಚ್ ಜಿಗಿಯುತ್ತದೆ, ಉಳಿದಿದ್ದ ಅಮೋನಿಯಾ ವಿಷದ ರೂಪಕ್ಕೆ ಹೊರಳುತ್ತದೆ. ಕೊಂದದ್ದು ಹೊಸ ನೀರೆಂದು ಕಾಣುತ್ತದೆ, ನಿಜವಾಗಿ ಕೊಂದದ್ದು ಹಳೆಯ ನೀರಿನ ಬಾಕಿ. ಅಂಥ ತೊಟ್ಟಿಯಲ್ಲಿ ದಿನಕ್ಕೆ ಹತ್ತು, ಹದಿನೈದು ಶೇಕಡದಂತೆ ನಿಧಾನವಾಗಿ ಬದಲಿಸಬೇಕು. ಇತ್ತೀಚೆಗಷ್ಟೇ ಕೆಟ್ಟ ನೀರಾದರೆ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಬದಲಿಸಲು ಹೆದರಬೇಕಿಲ್ಲ, ಹೊಸ ನೀರಿನ ಉಷ್ಣತೆ ಹಳೆಯದಕ್ಕೆ ಸರಿಹೊಂದಿರಬೇಕು ಅಷ್ಟೆ. ಯಾವ ಸ್ಥಿತಿ ಎಂದು ತಿಳಿಯಲು ಕಣ್ಣು ಸಾಲದು. ಅಮೋನಿಯಾ, ನೈಟ್ರೈಟ್, ಪಿಎಚ್ ಅಳೆಯುವ ಹನಿ ಪರೀಕ್ಷಾ ಕಿಟ್ ಬೇಕು. ಅದರ ಬೆಲೆ ಮೀನಿನ ಬೆಲೆಗಿಂತ ಹೆಚ್ಚಿರಬಹುದು, ಆದರೂ ಮದ್ದಿನ ಕಪಾಟಿಗೆ ಮೊದಲು ಕೊಳ್ಳಬೇಕಾದ ವಸ್ತು ಅದೇ. ನಿತ್ರಾಣಗೊಂಡ ಬೆಟ್ಟಾಗೆ ಇನ್ನೊಂದು ಉಪಕಾರವನ್ನು ಖರ್ಚಿಲ್ಲದೆ ಮಾಡಬಹುದು: ನೀರಿನ ಮಟ್ಟವನ್ನು ಒಂದು ಗೇಣಿಗಿಂತ ಕೆಳಗಿಳಿಸುವುದು, ಮೇಲ್ಮೈ ಬಳಿ ಒರಗಲು ಅಗಲವಾದ ಎಲೆಯೊಂದನ್ನು ಇಡುವುದು. ಗಾಳಿಗಾಗಿ ಪ್ರತಿ ಸಲ ಮೇಲೇರಬೇಕಾದ ಮೀನಿಗೆ ದೂರ ಕಡಿಮೆಯಾದಷ್ಟೂ ಶಕ್ತಿ ಉಳಿಯುತ್ತದೆ.

ಎಲೆಯ ಮಾತು ಬಂದಾಗ ಬಾದಾಮಿ ಮರ ನೆನಪಾಗುತ್ತದೆ. ಕರಾವಳಿಯ ಶಾಲೆಯಂಗಳಗಳಲ್ಲಿ, ಬೆಂಗಳೂರಿನ ಬೀದಿಬದಿಯಲ್ಲಿ ಉದುರುವ ಕಾಡುಬಾದಾಮಿಯ ಕೆಂಪೆಲೆಯನ್ನೇ ಥಾಯ್ ಸಾಕಣೆದಾರರು ಹಿಂದಿನಿಂದಲೂ ಬೆಟ್ಟಾ ನೀರಿಗೆ ಹಾಕುತ್ತಾರೆ. ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ. ಎಲೆಯ ಟ್ಯಾನಿನ್‌ಗಳಿಗೆ ಬ್ಯಾಕ್ಟೀರಿಯಾ ತಡೆಯುವ ಗುಣ ಸ್ವಲ್ಪ ಇದೆ, ತಿಲಾಪಿಯಾ ಮೀನಿನ ರೋಗಾಣುಗಳ ಮೇಲೆ ಥಾಯ್ಲೆಂಡಿನಲ್ಲಿ ನಡೆದ ಪ್ರಯೋಗಗಳು ಇದನ್ನು ತೋರಿಸಿವೆ. ಆದರೆ ಇದು ಪಿಎಚ್ ಇಳಿಸುತ್ತದೆ ಎಂಬ ಮಾತು ಮೆದು ನೀರಿಗೆ ಮಾತ್ರ ಸಲ್ಲುತ್ತದೆ. ಬಯಲುಸೀಮೆಯ ಗಡಸು ನೀರಿನ ಕ್ಷಾರದ ಮುಂದೆ ಒಂದೆರಡು ಎಲೆಯ ಆಮ್ಲ ಏನೂ ಅಲ್ಲ. ಎಲೆ ಒಳ್ಳೆಯದು, ಪವಾಡವಲ್ಲ. ಕೀಟನಾಶಕ ಬೀಳದ, ವಾಹನಗಳ ಹೊಗೆ ಹಿಡಿಯದ ಮರದ್ದಾದರೆ ತೊಳೆದು, ಒಣಗಿಸಿ ಹಾಕಲಡ್ಡಿಯಿಲ್ಲ.

ನೀರೊಂದೇ ಎಲ್ಲವನ್ನೂ ವಿವರಿಸುವುದಿಲ್ಲ ಎನ್ನುವುದಕ್ಕೆ ಅಂಗಡಿಯ ಹೊಳೆಯುವ ತಳಿಗಳೇ ಸಾಕ್ಷಿ. ಅರ್ಧಚಂದ್ರದಂತೆ 180 ಡಿಗ್ರಿ ಅರಳುವ ಬಾಲದ ಹಾಫ್‌ಮೂನ್ ತಳಿಯ ಗಂಡು ತನ್ನ ಬಾಲದ ಭಾರವನ್ನೇ ಎಳೆಯಲಾರದೆ ದಣಿಯುತ್ತದೆ, ಕೆಲವು ಅದನ್ನು ತಾವೇ ಕಚ್ಚಿ ಹರಿದುಕೊಳ್ಳುತ್ತವೆ. ಅದನ್ನು ರೆಕ್ಕೆ ಕೊಳೆತವೆಂದು ಭಾವಿಸಿ ಮದ್ದು ಹಾಕುವವರೂ ಇದ್ದಾರೆ. ಡ್ರ್ಯಾಗನ್ ಸ್ಕೇಲ್ ಎಂಬ ತಳಿಯಲ್ಲಿ ದಪ್ಪ ಹುರುಪೆ ಬೆಳೆಯುತ್ತ ಬೆಳೆಯುತ್ತ ಕಣ್ಣನ್ನೂ ಮುಚ್ಚಿ ಕುರುಡಾಗಿಸುವುದುಂಟು. ಇವಕ್ಕೆ ನೀರಿನಲ್ಲೂ ಉತ್ತರವಿಲ್ಲ, ಬಾಟಲಿಯಲ್ಲೂ ಇಲ್ಲ. ಕೊಳ್ಳುವಾಗಲೇ ಚಿಕ್ಕ ಬಾಲದ, ಮೂಲ ಸ್ವರೂಪಕ್ಕೆ ಹತ್ತಿರವಾದ ಮೀನನ್ನು ಆರಿಸುವುದೊಂದೇ ದಾರಿ. ವಯಸ್ಸೂ ಒಂದು ಕಾರಣ. ಬೆಟ್ಟಾದ ಆಯುಸ್ಸು ಎರಡರಿಂದ ನಾಲ್ಕು ವರ್ಷ, ರೆಕ್ಕೆ ಪೂರ್ತಿ ಅರಳಿದ ಗಂಡು ಅಂಗಡಿಗೆ ಬರುವಾಗಲೇ ಅದರಲ್ಲಿ ಒಂದು ಪಾಲು ಕಳೆದಿರುತ್ತದೆ.

ನೂರಿನ್ನೂರು ರೂಪಾಯಿಯ ಮೀನಿಗೆ ಇಷ್ಟೆಲ್ಲ ಏಕೆ ಎಂಬ ಪ್ರಶ್ನೆ ಕೊನೆಗೂ ಉಳಿಯುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಮನುಷ್ಯನನ್ನು ಬಿಟ್ಟು ಯಾವ ಜೀವಿಯೂ ಪ್ರಾಣಿಯೇ, ಬೆಲೆಯ ಚೀಟಿ ನೋಡಿ ಅದು ವಿನಾಯಿತಿ ಕೊಡುವುದಿಲ್ಲ. ಮೀನಿಗೆ ನೋವಿದೆಯೇ ಎಂಬುದು ಹಳೆಯ ಜಗಳ. 2003ರಲ್ಲಿ ಸ್ಕಾಟ್ಲೆಂಡಿನಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ತಲೆಯಲ್ಲಿ ನೋವು ಗ್ರಹಿಸುವ ನರತುದಿಗಳನ್ನು ಗುರುತಿಸಿದರು. ತುಟಿಗೆ ಜೇನ್ನೊಣದ ವಿಷ ಅಥವಾ ಅಸೆಟಿಕ್ ಆಮ್ಲ ಚುಚ್ಚಿದಾಗ ಆ ಮೀನುಗಳು ಆಹಾರ ಬಿಟ್ಟವು, ಆಮ್ಲ ಚುಚ್ಚಿಸಿಕೊಂಡವು ತುಟಿಯನ್ನು ಕಲ್ಲಿಗೆ ಉಜ್ಜಿದವು. ಮೆದುಳಿನಲ್ಲಿ ನಮ್ಮಂಥ ಹೊರಪದರವಿಲ್ಲದ ಮೀನಿಗೆ ನೋವಿನ ಅರಿವು ಸಾಧ್ಯವಿಲ್ಲವೆಂದು ಆಸ್ಟ್ರೇಲಿಯಾದ ನರವಿಜ್ಞಾನಿ ಬ್ರಯನ್ ಕೀ ವಾದಿಸುತ್ತಾರೆ. ಜಗಳ ತೀರದಿದ್ದರೂ ಅನುಮಾನದ ಲಾಭ ಯಾರಿಗೆ ಸಿಗಬೇಕೆಂಬುದು ನನಗೆ ಕಷ್ಟದ ಪ್ರಶ್ನೆಯಾಗಿ ಕಾಣುವುದಿಲ್ಲ. ಆದರೆ ಕಾಯಿಲೆ ಬಿದ್ದ ಬೆಟ್ಟಾಗೆ ಸಹಾಯ ಕೇಳಲು ಜಾಗಗಳು ಕಡಿಮೆ ಎಂಬುದಂತೂ ದಿಟ. ದೇಶದ ಮೊದಲ ಮೀನುಗಾರಿಕೆ ಕಾಲೇಜು 1969ರಲ್ಲಿ ಆರಂಭವಾದದ್ದು ಮಂಗಳೂರಿನಲ್ಲೇ, ಹೆಸರಘಟ್ಟದಲ್ಲಿ ಸಿಹಿನೀರು ಮೀನು ಕೃಷಿಯ ಕೇಂದ್ರೀಯ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಮೀನಿನ ರೋಗ ಬಲ್ಲವರು ರಾಜ್ಯದಲ್ಲಿ ಇಲ್ಲದಿಲ್ಲ, ಅವರ ದುಡಿಮೆ ಹೆಚ್ಚಾಗಿ ಊಟದ ಮೀನಿನ ಸುತ್ತ ಇದೆ ಅಷ್ಟೆ. ಬೀದಿಯ ಪಶುವೈದ್ಯರ ಮುಂದೆ ಬೆಟ್ಟಾ ಹಿಡಿದು ನಿಂತರೆ ಅವರು ತಬ್ಬಿಬ್ಬಾಗುವುದೇ ಹೆಚ್ಚು. ಹಾಗಾಗಿಯೇ ಮನೆಯಲ್ಲಿ ಮಾಡಬಹುದಾದದ್ದನ್ನು ಸರಿಯಾದ ಕ್ರಮದಲ್ಲಿ ಮಾಡುವುದಕ್ಕೆ ಇಷ್ಟು ಬೆಲೆ.

ಎಲ್ಲ ಮಾಡಿಯೂ ಉಳಿಯದ ಮೀನಿನ ಕುರಿತು ಬಾಯಿ ಬಿಡುವವರು ಕಡಿಮೆ. ಶೌಚಾಲಯಕ್ಕೆ ಸುರಿಯುವುದು, ಜೀವಂತವಾಗಿ ಫ್ರೀಜರಿನಲ್ಲಿಡುವುದು, ಕೆರೆಗೆ ಬಿಡುವುದು ಮೂರೂ ಸಲ್ಲ. ಮೂರನೆಯದು ಕೆರೆಯ ಮೀನುಗಳಿಗೂ ರೋಗ ಅಂಟಿಸುವ ದಾರಿ. ಲವಂಗದ ಎಣ್ಣೆಯ ಯೂಜೆನಾಲ್ ಅಲ್ಪ ಪ್ರಮಾಣದಲ್ಲಿ ಮೀನಿಗೆ ಅರಿವಳಿಕೆ, ಹೆಚ್ಚಾದರೆ ಮರಣ. ಬೆಚ್ಚನೆ ನೀರಿನಲ್ಲಿ ಎಣ್ಣೆಯನ್ನು ಚೆನ್ನಾಗಿ ಕಲಕಿ, ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಮೊದಲು ಮಂಪರು ಬರಿಸಿ, ಆಮೇಲೆ ಪ್ರಮಾಣ ಹೆಚ್ಚಿಸಬೇಕು. ಕಿವಿರಿನ ಚಲನೆ ನಿಂತ ಮೇಲೂ ಅರ್ಧ ಗಂಟೆ ಅದರಲ್ಲೇ ಬಿಡಬೇಕು. ತಿಂಗಳುಗಟ್ಟಲೆ ಸೊರಗಿ, ಬೆನ್ನು ಬಾಗಿ, ಮೈಯಲ್ಲಿ ಹುಣ್ಣಾಗಿ ಸತ್ತ ಮೀನಾದರೆ ಮೈಕೊಬ್ಯಾಕ್ಟೀರಿಯಾ ಸೋಂಕನ್ನು ಶಂಕಿಸಬೇಕು. ಅದು ಕೈಯ ಗಾಯದ ಮೂಲಕ ಮನುಷ್ಯರಿಗೂ ತಗುಲಿ ತಿಂಗಳುಗಟ್ಟಲೆ ಮಾತ್ರೆ ನುಂಗಿಸುವ ಗಂಟುಗಳನ್ನು ತರುತ್ತದೆ. ಗ್ಲೌಸ್ ಹಾಕದೆ ಆ ತೊಟ್ಟಿಗೆ ಕೈ ಅದ್ದಬಾರದು, ಅಲ್ಲಿನ ಸ್ಪಾಂಜ್, ಗಿಡ, ಕಲ್ಲುಗಳನ್ನು ಬಿಸಾಡುವುದೇ ಲೇಸು. ಬೇರೆ ಕಾರಣಕ್ಕೆ ಸತ್ತದ್ದಾದರೆ, ಅದೂ ಅಂಟುರೋಗವಲ್ಲದ ಮುಪ್ಪೋ ಜೀರ್ಣದ ತೊಂದರೆಯೋ ಆಗಿದ್ದರೆ, ಫಿಲ್ಟರನ್ನು ನಲ್ಲಿ ನೀರಿನಲ್ಲಿ ತೊಳೆಯದೆ ತೊಟ್ಟಿಯ ನೀರಿನಲ್ಲೇ ಹಿಂಡಿ ಚಾಲೂ ಇಡಬಹುದು. ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಉದುರಿಸಿದರೆ ಅದು ಕೊಳೆತು ಬರುವ ಅಮೋನಿಯಾದ ಮೇಲೆ ಬ್ಯಾಕ್ಟೀರಿಯಾ ಬದುಕಿರುತ್ತದೆ. ಹಾಗೆ ಕಾಪಾಡಿಕೊಂಡ ತೊಟ್ಟಿಗೆ ಮುಂದಿನ ಮೀನು ಬಂದಾಗ ನಾಲ್ಕರಿಂದ ಆರು ವಾರ ಕಾಯುವ ಕೆಲಸ ಇರುವುದಿಲ್ಲ.